ಪರೋಕ್ಷ ಮಾರಾಟ ಮಾರ್ಗ

ಪರೋಕ್ಷ ಮಾರಾಟ ಮಾರ್ಗ ಎಂದರೆ ತಯಾರಕ ಅಥವಾ ಬೆಳೆಗಾರನ ಸರಕು ಒಬ್ಬ ಅಥವಾ ಹಲವು ಮಧ್ಯವರ್ತಿಗಳ ಮೂಲಕ ಕೊನೆಯ ಗ್ರಾಹಕನನ್ನು ತಲುಪುವ ವ್ಯವಸ್ಥೆ. ಸಗಟು ವ್ಯಾಪಾರಿ, ವಿತರಕ, ದಲಾಲ, ಏಜೆಂಟ್, ಚಿಲ್ಲರೆ ವ್ಯಾಪಾರಿ ಮೊದಲಾದವರು ಇಂತಹ ಮಧ್ಯವರ್ತಿಗಳು. ಉತ್ಪಾದಕನೇ ನೇರವಾಗಿ ಗ್ರಾಹಕನಿಗೆ ಮಾರಿದರೆ ಅದು ಪ್ರತ್ಯಕ್ಷ ಮಾರಾಟ ಮಾರ್ಗ ಎನಿಸುತ್ತದೆ. ವಾಣಿಜ್ಯಶಾಸ್ತ್ರ ಹಾಗೂ ಮಾರುಕಟ್ಟೆ ನಿರ್ವಹಣೆಯ ಅಧ್ಯಯನದಲ್ಲಿ ಇದನ್ನು ವಿತರಣಾ ಮಾರ್ಗಗಳ ಒಂದು ವಿಭಾಗವಾಗಿ ಪರಿಗಣಿಸಲಾಗುತ್ತದೆ.

ಮಧ್ಯವರ್ತಿಯನ್ನು ತೆಗೆದುಹಾಕಬಹುದು, ಆದರೆ ಅವನು ಮಾಡುವ ಕೆಲಸವನ್ನು ತೆಗೆದುಹಾಕಲು ಬರುವುದಿಲ್ಲ ಎಂಬುದು ಈ ವಿಷಯದ ಮೂಲಭೂತ ತತ್ತ್ವ. ಸಂಗ್ರಹಣೆ, ಸಾಗಾಣಿಕೆ, ಉದ್ರಿ, ನಷ್ಟದ ಹೊಣೆ ಇವುಗಳನ್ನು ಯಾರಾದರೊಬ್ಬರು ಹೊರಲೇಬೇಕು. ಉತ್ತರ ಕರ್ನಾಟಕದ ಪ್ರಮುಖ ವ್ಯಾಪಾರ ಕೇಂದ್ರವಾದ ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಹತ್ತಿ, ಮೆಣಸಿನಕಾಯಿ, ಹಾಲು, ಪೇಡಾ ಮತ್ತು ಖಾದಿ ರಾಷ್ಟ್ರಧ್ವಜಗಳ ಮಾರಾಟವು ಪರೋಕ್ಷ ಮಾರ್ಗದ ಬೇರೆ ಬೇರೆ ರೂಪಗಳಿಗೆ ಉದಾಹರಣೆಗಳನ್ನು ಒದಗಿಸುತ್ತದೆ.

## ಮಾರ್ಗದ ಮಟ್ಟಗಳು

ಉತ್ಪಾದಕ ಮತ್ತು ಗ್ರಾಹಕರ ನಡುವೆ ಇರುವ ಮಧ್ಯವರ್ತಿಗಳ ಸಂಖ್ಯೆಯ ಆಧಾರದ ಮೇಲೆ ಮಾರ್ಗಗಳನ್ನು ಹೀಗೆ ವಿಂಗಡಿಸಲಾಗಿದೆ:

* ಶೂನ್ಯ ಮಟ್ಟ: ಉತ್ಪಾದಕ – ಗ್ರಾಹಕ. ಇದು ಪ್ರತ್ಯಕ್ಷ ಮಾರ್ಗ. ವಾರದ ಸಂತೆಯಲ್ಲಿ ರೈತನೇ ಕುಳಿತು ಕಾಯಿಪಲ್ಲೆ ಮಾರುವುದು ಇದಕ್ಕೆ ಉದಾಹರಣೆ.
* ಒಂದು ಮಟ್ಟ: ಉತ್ಪಾದಕ – ಚಿಲ್ಲರೆ ವ್ಯಾಪಾರಿ – ಗ್ರಾಹಕ. ಕಾರು ಮತ್ತು ಟ್ರ್ಯಾಕ್ಟರ್ ತಯಾರಕರು ಅಧಿಕೃತ ಡೀಲರುಗಳ ಮೂಲಕ ಮಾರುವುದು ಈ ಬಗೆಗೆ ಸೇರುತ್ತದೆ.
* ಎರಡು ಮಟ್ಟ: ಉತ್ಪಾದಕ – ಸಗಟು ವ್ಯಾಪಾರಿ ಅಥವಾ ವಿತರಕ – ಚಿಲ್ಲರೆ ವ್ಯಾಪಾರಿ – ಗ್ರಾಹಕ. ಸಾಬೂನು, ಬಿಸ್ಕತ್ತು, ಚಹಾಪುಡಿಗಳಂತಹ ದಿನಬಳಕೆಯ ವಸ್ತುಗಳು ಸಾಮಾನ್ಯವಾಗಿ ಈ ಮಾರ್ಗದಲ್ಲಿ ಸಾಗುತ್ತವೆ.
* ಮೂರು ಮಟ್ಟ: ಉತ್ಪಾದಕ – ಏಜೆಂಟ್ – ಸಗಟು ವ್ಯಾಪಾರಿ – ಚಿಲ್ಲರೆ ವ್ಯಾಪಾರಿ – ಗ್ರಾಹಕ. ಕೃಷಿ ಉತ್ಪನ್ನ, ಬಟ್ಟೆ ಮತ್ತು ಔಷಧ ವ್ಯಾಪಾರದಲ್ಲಿ ಇದು ಕಂಡುಬರುತ್ತದೆ.

ಮೊದಲನೆಯದನ್ನು ಬಿಟ್ಟು ಉಳಿದ ಮೂರೂ ಪರೋಕ್ಷ ಮಾರ್ಗಗಳು. ಒಂದೇ ಸಂಸ್ಥೆಯು ಏಕಕಾಲಕ್ಕೆ ಎರಡು-ಮೂರು ಮಾರ್ಗಗಳನ್ನು ಬಳಸುವುದೂ ಉಂಟು. ಇದಕ್ಕೆ ಬಹುಮಾರ್ಗ ವಿತರಣೆ ಎಂದು ಹೆಸರು.

## ಮಧ್ಯವರ್ತಿಗಳ ವಿಧಗಳು

ಸರಕಿನ ಒಡೆತನ ಯಾರಿಗೆ ಸೇರುತ್ತದೆ ಎಂಬುದರ ಮೇಲೆ ಮಧ್ಯವರ್ತಿಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಬಹುದು.

ವರ್ತಕ ಮಧ್ಯವರ್ತಿಗಳು ಸರಕನ್ನು ತಮ್ಮ ಹಣದಿಂದ ಕೊಂಡು ತಮ್ಮ ಹೆಸರಿನಲ್ಲಿ ಮಾರುತ್ತಾರೆ. ಸಗಟು ವ್ಯಾಪಾರಿ, ವಿತರಕ ಮತ್ತು ಕಿರಾಣಿ ಅಂಗಡಿಕಾರ ಈ ಗುಂಪಿನವರು. ಬೆಲೆ ಇಳಿದರೆ ಅಥವಾ ಸರಕು ಕೆಟ್ಟರೆ ಸಾಮಾನ್ಯವಾಗಿ ನಷ್ಟ ಅವರದೇ.

ಪ್ರತಿನಿಧಿ ಮಧ್ಯವರ್ತಿಗಳು ಸರಕಿನ ಒಡೆಯರಾಗುವುದಿಲ್ಲ. ಮಾರುವವನನ್ನೂ ಕೊಳ್ಳುವವನನ್ನೂ ಕೂಡಿಸಿ, ವ್ಯವಹಾರದ ಮೊತ್ತದ ಮೇಲೆ ದಲಾಲಿ ಅಥವಾ ಕಮಿಷನ್ ಪಡೆಯುತ್ತಾರೆ. ಇವರ ಹಕ್ಕು ಮತ್ತು ಕರ್ತವ್ಯಗಳಿಗೆ 1872ರ ಭಾರತೀಯ ಕರಾರು ಕಾಯಿದೆಯ ಏಜೆನ್ಸಿ ಕುರಿತ ಅಧ್ಯಾಯವು ಆಧಾರವಾಗಿದೆ. ಖರೀದಿದಾರನು ಹಣ ಕೊಡದಿದ್ದಲ್ಲಿ ತಾನೇ ಕೊಡುವುದಾಗಿ ಹೊಣೆ ಹೊರುವ ಏಜೆಂಟನೂ ಇರುತ್ತಾನೆ. ಆ ಹೊಣೆಗಾಗಿ ಅವನು ಹೆಚ್ಚುವರಿ ಕಮಿಷನ್ ಪಡೆಯುತ್ತಾನೆ.

ನೆರವಿನ ಸಂಸ್ಥೆಗಳು ಕೊಡು-ಕೊಳ್ಳುವಿಕೆಯಲ್ಲಿ ಭಾಗವಹಿಸದೆ ಅದಕ್ಕೆ ಅನುಕೂಲ ಒದಗಿಸುತ್ತವೆ. ಸಾಗಾಣಿಕೆ ಸಂಸ್ಥೆ, ಗೋದಾಮು, ಬ್ಯಾಂಕು ಮತ್ತು ವಿಮಾ ಕಂಪನಿಗಳು ಈ ಗುಂಪಿಗೆ ಸೇರುತ್ತವೆ. 1976ರಲ್ಲಿ ಗದಗದಲ್ಲಿ ಆರಂಭವಾಗಿ, ಮುಂದೆ ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ಬೆಳೆದ ವಿಆರ್‌ಎಲ್ ಸಾಗಾಣಿಕೆ ಸಂಸ್ಥೆ ಇಂತಹದೊಂದು.

## ಕಾರ್ಯಗಳು

ಐದು ಸಾಬೂನು ಕಾರ್ಖಾನೆಗಳು ಒಂದು ಪಟ್ಟಣದ ಇನ್ನೂರು ಅಂಗಡಿಗಳಿಗೆ ನೇರವಾಗಿ ಸರಬರಾಜು ಮಾಡಬೇಕಾದರೆ 1,000 ಸಂಪರ್ಕಗಳು ಬೇಕು. ನಡುವೆ ಒಬ್ಬ ವಿತರಕನಿದ್ದರೆ 205 ಸಾಕು. ಪ್ರತಿ ಸಂಪರ್ಕಕ್ಕೂ ಬಿಲ್ಲು, ಗಾಡಿ, ವಸೂಲಿ ಮತ್ತು ಆಳಿನ ಖರ್ಚು ಇರುವುದರಿಂದ, ಸಂಪರ್ಕಗಳು ಕಡಿಮೆಯಾದಷ್ಟೂ ಒಟ್ಟು ವೆಚ್ಚ ತಗ್ಗುತ್ತದೆ. ಪರೋಕ್ಷ ಮಾರ್ಗದ ಆರ್ಥಿಕ ಸಮರ್ಥನೆಯು ಮುಖ್ಯವಾಗಿ ಈ ಲೆಕ್ಕವನ್ನು ಅವಲಂಬಿಸಿದೆ.

ಇದಲ್ಲದೆ ಮಧ್ಯವರ್ತಿಗಳು ಮಾಡುವ ಕೆಲಸಗಳು ಹೀಗಿವೆ:

* ದೊಡ್ಡ ಪ್ರಮಾಣದಲ್ಲಿ ಕೊಂಡು ಸಣ್ಣ ಪ್ರಮಾಣದಲ್ಲಿ ಹಂಚುವುದು. ಕೃಷಿ ಉತ್ಪನ್ನಗಳಲ್ಲಾದರೆ ಸಣ್ಣ ಪ್ರಮಾಣಗಳನ್ನು ಒಂದೆಡೆ ಕೂಡಿಹಾಕುವುದು
* ಗುಣಮಟ್ಟಕ್ಕೆ ಅನುಗುಣವಾಗಿ ವರ್ಗೀಕರಣ
* ಸುಗ್ಗಿಯಲ್ಲಿ ಬಂದ ಮಾಲನ್ನು ವರ್ಷವಿಡೀ ಸಂಗ್ರಹಿಸಿಡುವುದು
* ಉತ್ಪಾದಕನಿಗೆ ಮುಂಗಡ ಮತ್ತು ಅಂಗಡಿಕಾರನಿಗೆ ಉದ್ರಿ ನೀಡುವುದು
* ಬೇಡಿಕೆ, ಬೆಲೆ ಮತ್ತು ಗ್ರಾಹಕರ ಅಭಿರುಚಿಯ ಸುದ್ದಿಯನ್ನು ಉತ್ಪಾದಕನಿಗೆ ತಲುಪಿಸುವುದು

## ಲಾಭಾಂಶದ ಲೆಕ್ಕ

ವಿದ್ಯಾರ್ಥಿಗಳಲ್ಲಿ ಗೊಂದಲ ಹುಟ್ಟಿಸುವ ಅಂಶವೆಂದರೆ ಲಾಭಾಂಶದ ಶೇಕಡಾವಾರು. ತೆರಿಗೆಯನ್ನು ಬದಿಗಿಟ್ಟು ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳಬಹುದು. ತಯಾರಕನು ವಿತರಕನಿಗೆ 80 ರೂಪಾಯಿಗೆ, ವಿತರಕನು ಅಂಗಡಿಕಾರನಿಗೆ 84 ರೂಪಾಯಿಗೆ, ಅಂಗಡಿಕಾರನು ಗ್ರಾಹಕನಿಗೆ 100 ರೂಪಾಯಿಗೆ ಮಾರುತ್ತಾನೆ ಎಂದುಕೊಳ್ಳೋಣ. ಅಂಗಡಿಕಾರನಿಗೆ ಉಳಿಯುವ 16 ರೂಪಾಯಿ ಮಾರಾಟ ಬೆಲೆಯ ಮೇಲೆ ಶೇ. 16, ಕೊಂಡ ಬೆಲೆಯ ಮೇಲೆ ಸುಮಾರು ಶೇ. 19. ಆದ್ದರಿಂದ ಲಾಭಾಂಶವನ್ನು ಹೇಳುವಾಗ ಯಾವ ಬೆಲೆಯ ಮೇಲೆ ಎಂಬುದನ್ನು ಸ್ಪಷ್ಟಪಡಿಸುವುದು ಅಗತ್ಯ.

ವಿತರಕನಿಗೆ ಸಿಗುವುದು 4 ರೂಪಾಯಿ ಮಾತ್ರ, ಅಂದರೆ ಅವನು ಹೂಡಿದ ಹಣದ ಶೇ. 5. ಆದರೆ ಅವನು ಅದೇ 80 ರೂಪಾಯಿಯನ್ನು ತಿಂಗಳಿಗೆ ಎರಡು ಬಾರಿ ತಿರುಗಿಸಿದರೆ ವರ್ಷಕ್ಕೆ 24 ಸುತ್ತುಗಳಾಗಿ, ಖರ್ಚು ಕಳೆಯುವ ಮುನ್ನ 96 ರೂಪಾಯಿ ದೊರೆಯುತ್ತದೆ. ಅಂಗಡಿಕಾರರು ಉದ್ರಿ ತೀರಿಸುವುದು ತಡವಾಗಿ ಹಣವು ತಿಂಗಳಿಗೆ ಒಂದೇ ಬಾರಿ ತಿರುಗಿದರೆ ಈ ಮೊತ್ತ 48 ರೂಪಾಯಿಗೆ ಇಳಿಯುತ್ತದೆ. ವಿತರಕರು ಕಮಿಷನ್ನಿನ ದರದಷ್ಟೇ ವಸೂಲಿಯ ಅವಧಿಗೂ ಮಹತ್ವ ಕೊಡಲು ಇದೇ ಕಾರಣ.

## ಹುಬ್ಬಳ್ಳಿ-ಧಾರವಾಡದಲ್ಲಿ ಪರೋಕ್ಷ ಮಾರ್ಗಗಳು

### ಹತ್ತಿ ವ್ಯಾಪಾರದ ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಕಪ್ಪು ನೆಲದಲ್ಲಿ ಬೆಳೆದ ಹತ್ತಿಯು ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಕುಮಟಾ ಬಂದರಿಗೆ, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ, ಮುಂದೆ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುತ್ತಿತ್ತು. ಬೆಳೆಗಾರ ಮತ್ತು ಗಿರಣಿಯ ನಡುವೆ ಹಲವು ಕೈಗಳಿದ್ದವು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ (1861–65) ಅಲ್ಲಿಂದ ಬರುವ ಹತ್ತಿ ನಿಂತು, ಭಾರತದ ಹತ್ತಿಗೆ ಬೇಡಿಕೆ ಹಠಾತ್ತನೆ ಏರಿತು. ಜೊತೆಗೆ ಕಲಬೆರಕೆಯ ದೂರುಗಳೂ ಹೆಚ್ಚಿದವು. ಅನೇಕ ಕೈ ದಾಟಿ ಬಂದ ಸರಕಿನಲ್ಲಿ ದೋಷ ಯಾವ ಹಂತದಲ್ಲಿ ಸೇರಿತು ಎಂದು ಗುರುತಿಸುವುದು ಕಷ್ಟವಾಗಿತ್ತು. ಇಂತಹ ಮೋಸವನ್ನು ತಡೆಯಲು ಮುಂಬಯಿ ಪ್ರಾಂತದಲ್ಲಿ 1863ರಲ್ಲಿ ಪ್ರತ್ಯೇಕ ಕಾಯಿದೆಯೇ ಜಾರಿಯಾಯಿತು.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಯನ್ನು ತಲುಪಿದ ಮೇಲೆ ಕರಾವಳಿಯ ಹಾದಿ ಹಿಂದೆ ಸರಿದು, ಹುಬ್ಬಳ್ಳಿಯು ಸರಕು ಕೂಡುವ ಮತ್ತು ಹಂಚುವ ಕೇಂದ್ರವಾಗಿ ಬೆಳೆಯಿತು. ಪುಣೆ–ಬೆಂಗಳೂರು ಹೆದ್ದಾರಿಯೂ, ಅಂಕೋಲೆಯಿಂದ ಪೂರ್ವಕ್ಕೆ ಗದಗ–ಬಳ್ಳಾರಿ ಕಡೆಗೆ ಹೋಗುವ ಹೆದ್ದಾರಿಯೂ ಕೂಡುವ ಸ್ಥಳವಾದ್ದರಿಂದ ಇಂದಿಗೂ ಉತ್ತರ ಕರ್ನಾಟಕದ ಸಗಟು ವ್ಯಾಪಾರದಲ್ಲಿ ನಗರಕ್ಕೆ ಮುಖ್ಯ ಸ್ಥಾನವಿದೆ. 2017ರ ಜುಲೈ 1ರಂದು ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯು ಅಂತರರಾಜ್ಯ ಮಾರಾಟದ ಹಳೆಯ ತೆರಿಗೆಯನ್ನು ಬಹುತೇಕ ಸರಕುಗಳ ಮಟ್ಟಿಗೆ ಕೊನೆಗಾಣಿಸಿತು. ಆ ನಂತರ ಕಂಪನಿಗಳು ಡಿಪೋಗಳ ಸ್ಥಳವನ್ನು ತೆರಿಗೆಯ ಉಳಿತಾಯಕ್ಕಿಂತ ಸಾಗಾಣಿಕೆಯ ಅನುಕೂಲ ನೋಡಿ ನಿರ್ಧರಿಸಲು ಸಾಧ್ಯವಾಯಿತು.

### ಕೃಷಿ ಮಾರುಕಟ್ಟೆ

ಧಾರವಾಡ ಜಿಲ್ಲೆಯು 1956ರವರೆಗೆ ಮುಂಬಯಿ ಆಡಳಿತಕ್ಕೆ ಒಳಪಟ್ಟಿತ್ತು. ಅಲ್ಲಿ 1927ರ ಹತ್ತಿ ಮಾರುಕಟ್ಟೆ ಕಾಯಿದೆ ಮತ್ತು 1939ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆಗಳು ತೂಕ, ದಲಾಲಿ ಮತ್ತು ಹರಾಜನ್ನು ನಿಯಂತ್ರಣಕ್ಕೆ ತರಲು ಯತ್ನಿಸಿದವು. ರಾಜ್ಯ ಏಕೀಕರಣದ ನಂತರ 1966ರ ಕರ್ನಾಟಕ ಕೃಷಿ ಉತ್ಪನ್ನ ಮಾರಾಟ (ನಿಯಂತ್ರಣ) ಕಾಯಿದೆಯು ಇಡೀ ರಾಜ್ಯಕ್ಕೆ ಒಂದೇ ಕಾನೂನನ್ನು ರೂಪಿಸಿತು. ಹುಬ್ಬಳ್ಳಿಯ ಕೃಷಿ ಉತ್ಪನ್ನ ಮಾರುಕಟ್ಟೆ ಪ್ರಾಂಗಣವು ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವಿನ ಅಮರಗೋಳದಲ್ಲಿದೆ. ಹತ್ತಿ, ಒಣಮೆಣಸಿನಕಾಯಿ, ಶೇಂಗಾ, ಈರುಳ್ಳಿ, ಹೆಸರು ಮತ್ತು ಕಡಲೆ ಇಲ್ಲಿಗೆ ಬರುವ ಮುಖ್ಯ ಸರಕುಗಳು.

ರೈತನು ಚೀಲಗಳನ್ನು ತನ್ನ ಪರಿಚಯದ ದಲಾಲನ ಅಂಗಡಿಗೆ ತರುತ್ತಾನೆ. ಮಾಲಿಗೆ ಲಾಟ್ ಸಂಖ್ಯೆ ನೀಡಲಾಗುತ್ತದೆ. ಖರೀದಿದಾರರು ಮಾದರಿ ನೋಡಿ ಟೆಂಡರಿನಲ್ಲಿ ಬೆಲೆ ನಮೂದಿಸುತ್ತಾರೆ. ಹೆಚ್ಚಿನ ಬೆಲೆ ಘೋಷಣೆಯಾದ ಮೇಲೆ ಅದನ್ನು ಒಪ್ಪುವ ಅಥವಾ ನಿರಾಕರಿಸುವ ಹಕ್ಕು ರೈತನದು. ಒಪ್ಪಿದರೆ ತೂಕವಾಗಿ, ಲೆಕ್ಕಪಟ್ಟಿ ಸಿದ್ಧವಾಗುತ್ತದೆ. ಕರ್ನಾಟಕದ ಕಾಯಿದೆಯ ಪ್ರಕಾರ ದಲಾಲಿಯನ್ನು ಖರೀದಿದಾರನಿಂದ ಪಡೆಯಬೇಕು. ರೈತನ ಪಟ್ಟಿಯಲ್ಲಿ ಕಡಿತ ಮಾಡುವಂತಿಲ್ಲ. ಮಾರುಕಟ್ಟೆ ಶುಲ್ಕವೂ ಖರೀದಿದಾರನ ಪಾಲಿನದು.

ಇಲ್ಲಿ ದಲಾಲನು ಮಾರಾಟದ ಪ್ರತಿನಿಧಿ ಮಾತ್ರವಲ್ಲ, ಹಲವು ವೇಳೆ ಸಾಲಗಾರನಿಗೆ ಹಣ ಒದಗಿಸುವವನೂ ಹೌದು. ಬಿತ್ತನೆಗೆ, ಮದುವೆಗೆ, ಆಸ್ಪತ್ರೆಗೆ ಬೇಕಾದ ಹಣವನ್ನು ಬ್ಯಾಂಕಿಗಿಂತ ಬೇಗ, ಕಾಗದಪತ್ರವಿಲ್ಲದೆ ನೀಡುತ್ತಾನೆ. ಪ್ರತಿಯಾಗಿ ರೈತನು ತನ್ನ ಬೆಳೆಯನ್ನು ಅದೇ ಅಂಗಡಿಗೆ ತರಬೇಕಾಗುತ್ತದೆ. ಸಾಲ ಮತ್ತು ಮಾರಾಟ ಹೀಗೆ ಹೆಣೆದುಕೊಂಡಾಗ, ಕಾನೂನು ಕೊಟ್ಟ ಆಯ್ಕೆಯ ಹಕ್ಕನ್ನು ಬಳಸುವುದು ರೈತನಿಗೆ ಕಷ್ಟವಾಗುತ್ತದೆ. ದಲಾಲನನ್ನು ದೂರವಿಡುವ ಯಾವುದೇ ಸುಧಾರಣೆಯು ಆ ಸಾಲಕ್ಕೆ ಬದಲಿ ವ್ಯವಸ್ಥೆ ಒದಗಿಸದಿದ್ದರೆ ರೈತನ ಸ್ಥಿತಿ ಹೆಚ್ಚು ಬದಲಾಗುವುದಿಲ್ಲ.

ನೆರೆಯ ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಯು ಮೆಣಸಿನಕಾಯಿಗೆ ಪ್ರಸಿದ್ಧವಾಗಿದೆ. ಗಾಢ ಕೆಂಪು ಬಣ್ಣ ಮತ್ತು ಕಡಿಮೆ ಖಾರದ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಮಸಾಲೆ ತಯಾರಕರಲ್ಲದೆ, ಮೆಣಸಿನಕಾಯಿಯಿಂದ ಬಣ್ಣದ ಸತ್ವ ತೆಗೆಯುವ ಕಾರ್ಖಾನೆಗಳೂ ಇದರ ಖರೀದಿದಾರರು. 2024ರ ಮಾರ್ಚ್ 11ರಂದು ಬೆಲೆ ಕುಸಿತದಿಂದ ಆಕ್ರೋಶಗೊಂಡ ರೈತರ ಪ್ರತಿಭಟನೆ ಹಿಂಸೆಗೆ ತಿರುಗಿ, ಮಾರುಕಟ್ಟೆ ಸಮಿತಿಯ ಕಚೇರಿಗೆ ಹಾನಿಯಾಯಿತು ಮತ್ತು ವಾಹನಗಳು ಬೆಂಕಿಗೆ ಆಹುತಿಯಾದವು. ದೀರ್ಘ ಮಾರ್ಗದಲ್ಲಿ ಬೆಲೆಯನ್ನು ನಿರ್ಧರಿಸುವ ಕಾರಣಗಳು ದೂರದ ದಾಸ್ತಾನು ಮತ್ತು ಬೇಡಿಕೆಗಳಲ್ಲಿರುತ್ತವೆ. ಅವು ರೈತನಿಗೆ ಕಾಣುವುದಿಲ್ಲ. ಕಾಣುವುದು ಪ್ರಾಂಗಣ ಮಾತ್ರ.

### ಹಾಲು: ಉತ್ಪಾದಕರದೇ ಮಧ್ಯವರ್ತಿ ಸಂಸ್ಥೆ

ಹಾಲಿನ ಮಾರ್ಗವೂ ದೀರ್ಘವಾದದ್ದೇ. ಹಾಲು ಕರೆಯುವ ಕುಟುಂಬ, ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘ, ಧಾರವಾಡದ ಲಕಮನಹಳ್ಳಿಯಲ್ಲಿರುವ ಹಾಲು ಒಕ್ಕೂಟದ ಡೇರಿ, ನಗರದ ಏಜೆಂಟ್ ಅಥವಾ ನಂದಿನಿ ಮಳಿಗೆ, ಕೊನೆಗೆ ಗ್ರಾಹಕ ಎಂಬ ಕ್ರಮ ಇದರದು. ರಾಜ್ಯ ಮಟ್ಟದಲ್ಲಿ ಕರ್ನಾಟಕ ಹಾಲು ಮಹಾಮಂಡಳ ಒಕ್ಕೂಟಗಳನ್ನು ಜೋಡಿಸುತ್ತದೆ. ವ್ಯತ್ಯಾಸವಿರುವುದು ಒಡೆತನದಲ್ಲಿ. ಸಂಘದ ಸದಸ್ಯರು ಹಾಲು ಹಾಕುವವರೇ. ಸಂಘಗಳು ಸೇರಿ ಒಕ್ಕೂಟವಾಗುತ್ತದೆ. ಹಾಲಿನ ಕೊಬ್ಬು ಮತ್ತು ಕೊಬ್ಬೇತರ ಘನಾಂಶವನ್ನು ಅಳೆದು ದರ ನಿಗದಿ ಮಾಡುವುದರಿಂದ, ತನ್ನ ಸರಕಿಗೆ ಇಷ್ಟೇ ಬೆಲೆ ಏಕೆ ಬಂದಿತು ಎಂಬುದನ್ನು ಉತ್ಪಾದಕನು ತಿಳಿಯಬಹುದು. ಮಾರ್ಗದ ಉದ್ದಕ್ಕಿಂತ ಮಧ್ಯವರ್ತಿಯು ಯಾರಿಗೆ ಉತ್ತರದಾಯಿ ಎಂಬುದು ಮುಖ್ಯ ಎಂಬ ವಾದಕ್ಕೆ ಈ ಮಾದರಿಯನ್ನು ಉದಾಹರಿಸಲಾಗುತ್ತದೆ.

### ಪೇಡಾ ಮತ್ತು ಪುಸ್ತಕ: ಎರಡು ಮಾರ್ಗಗಳ ಹೋಲಿಕೆ

ಭೌಗೋಳಿಕ ಸೂಚಿಕೆ ಪಡೆದಿರುವ ಧಾರವಾಡ ಪೇಡಾ, ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದು ನೆಲೆಸಿದ ಠಾಕೂರ್ ಮನೆತನದಿಂದ ಹೆಸರು ಮಾಡಿತು. ಇವರ ಲೈನ್ ಬಜಾರಿನ ಅಂಗಡಿಯ ಮುಂದೆ ಗ್ರಾಹಕರು ಸಾಲುಗಟ್ಟಿ ನಿಂತು ಪೇಡಾ ಕೊಳ್ಳುವುದು ಪ್ರತ್ಯಕ್ಷ ಮಾರ್ಗಕ್ಕೆ ಉತ್ತಮ ನಿದರ್ಶನ. ಗುಣಮಟ್ಟ ತಯಾರಕನ ಕೈಯಲ್ಲೇ ಉಳಿಯುತ್ತದೆ, ಆದರೆ ಮಾರಾಟವು ಅಂಗಡಿಗೆ ಬರಬಲ್ಲವರಿಗೆ ಸೀಮಿತವಾಗುತ್ತದೆ. 1933ರಲ್ಲಿ ಆರಂಭವಾದ ಮಿಶ್ರಾ ಪೇಡಾ ಇದಕ್ಕೆ ಭಿನ್ನವಾಗಿ ಹಲವು ನಗರಗಳಲ್ಲಿ ಮಳಿಗೆಗಳನ್ನು ಹರಡಿ, ಧಾರವಾಡಕ್ಕೆ ಬಾರದ ಗ್ರಾಹಕರನ್ನೂ ತಲುಪಿತು. ಹೀಗೆ ಹರಡಿದಾಗ ಪ್ರತಿ ಮಳಿಗೆಯಲ್ಲೂ ಒಂದೇ ರುಚಿ ಮತ್ತು ತಾಜಾತನ ಕಾಯ್ದುಕೊಳ್ಳುವ ಹೊಸ ಹೊಣೆ ಸೇರಿಕೊಳ್ಳುತ್ತದೆ.

ಅದೇ 1933ರಲ್ಲಿ ಜಿ. ಬಿ. ಜೋಶಿಯವರು ಧಾರವಾಡದಲ್ಲಿ ಸ್ಥಾಪಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರಿಗೆ ಪುಸ್ತಕ ಒದಗಿಸುವ ಯೋಜನೆಯನ್ನು ಅನುಸರಿಸಿತು. ಓದುಗನು ಮುಂಚಿತವಾಗಿ ಚಂದಾ ಕೊಡುವ ಪದ್ಧತಿಯಲ್ಲಿ ಪುಸ್ತಕದಂಗಡಿಯ ಉದ್ರಿ ಮತ್ತು ಮಾರಾಟವಾಗದ ಪ್ರತಿಗಳ ನಷ್ಟ ಕಡಿಮೆಯಾಗುತ್ತದೆ. ಬಂಡವಾಳ ಒದಗಿಸುವ ಮಧ್ಯವರ್ತಿಯ ಕೆಲಸವನ್ನು ಇಲ್ಲಿ ಓದುಗರೇ ವಹಿಸಿಕೊಂಡಂತಾಗುತ್ತದೆ.

### ಖಾದಿ ರಾಷ್ಟ್ರಧ್ವಜ

ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು 1957ರ ನವೆಂಬರ್ 1ರಂದು ಸ್ಥಾಪನೆಯಾಯಿತು. ಭಾರತೀಯ ಮಾನಕ ಬ್ಯೂರೋದ ನಿಯಮಗಳಿಗೆ ಅನುಗುಣವಾಗಿ ರಾಷ್ಟ್ರಧ್ವಜ ತಯಾರಿಸುವ ಪ್ರಮಾಣಪತ್ರ ಪಡೆದು ದೇಶಾದ್ಯಂತ ಹೆಸರಾಯಿತು. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯ ಕಡೆ ನೇಯ್ದ ಬಟ್ಟೆಯನ್ನು ತಂದು, ಬಣ್ಣ ಹಾಕಿ, ಅಶೋಕ ಚಕ್ರ ಮುದ್ರಿಸಿ, ಹೊಲಿಯುವ ಕೆಲಸ ಇಲ್ಲಿ ನಡೆಯುತ್ತದೆ. ಕೆಲಸಗಾರರಲ್ಲಿ ಹೆಚ್ಚಿನವರು ಮಹಿಳೆಯರು. ಸಿದ್ಧ ಧ್ವಜಗಳು ದೇಶದ ವಿವಿಧೆಡೆಯ ಖಾದಿ ಭಂಡಾರಗಳು ಮತ್ತು ಸರ್ಕಾರಿ ಕಚೇರಿಗಳ ಬೇಡಿಕೆಯ ಮೇರೆಗೆ ರವಾನೆಯಾಗುತ್ತವೆ. ಬೇಡಿಕೆ ಸ್ವಾತಂತ್ರ್ಯ ದಿನ ಮತ್ತು ಗಣರಾಜ್ಯೋತ್ಸವಗಳ ಮುನ್ನ ಏರುತ್ತದೆ. ತಯಾರಿಕೆ ಮಾತ್ರ ವರ್ಷವಿಡೀ ನಡೆಯಬೇಕಾಗುತ್ತದೆ.

2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಂದ ತಿದ್ದುಪಡಿಯು ಪಾಲಿಸ್ಟರ್ ಮತ್ತು ಯಂತ್ರದಿಂದ ತಯಾರಾದ ಧ್ವಜಗಳಿಗೆ ಅವಕಾಶ ನೀಡಿತು. 2022ರ ಆಗಸ್ಟ್ 13ರಿಂದ 15ರವರೆಗೆ ನಡೆದ ಹರ್ ಘರ್ ತಿರಂಗಾ ಅಭಿಯಾನದ ವೇಳೆ ಅಂಚೆ ಕಚೇರಿಗಳಲ್ಲಿ 25 ರೂಪಾಯಿಗೆ ಒಂದರಂತೆ ಧ್ವಜಗಳು ಮಾರಾಟವಾದವು. ತಿದ್ದುಪಡಿಯನ್ನು ಹಿಂಪಡೆಯಬೇಕೆಂದು ಖಾದಿ ಸಂಸ್ಥೆಗಳು ಒತ್ತಾಯಿಸಿದವು. ಮಾರಾಟದ ದೃಷ್ಟಿಯಿಂದ ನೋಡಿದರೆ ಇಲ್ಲಿ ಎರಡು ಬದಲಾವಣೆಗಳು ಒಟ್ಟಿಗೆ ಸಂಭವಿಸಿದವು: ಅಗ್ಗದ ಬದಲಿ ಸರಕು ಬಂದಿತು, ಮತ್ತು ಅದು ಖಾದಿ ಭಂಡಾರಕ್ಕಿಂತ ಬಹಳ ವ್ಯಾಪಕವಾದ ಮಾರ್ಗದಲ್ಲಿ ಸಾಗಿತು. ಒಂದೇ ಸರಕು ಮತ್ತು ಸೀಮಿತ ಸಂಖ್ಯೆಯ ಖರೀದಿದಾರ ಸಂಸ್ಥೆಗಳನ್ನು ನೆಚ್ಚಿದ ಉತ್ಪಾದಕನಿಗೆ ನಿಯಮದ ಒಂದು ಬದಲಾವಣೆಯೂ ಕೆಲಸಗಾರರ ಕೂಲಿಯ ಪ್ರಶ್ನೆಯಾಗಿ ಪರಿಣಮಿಸಬಹುದು.

## ಮಾರ್ಗ ಸಂಘರ್ಷ

ಒಂದೇ ಮಾರ್ಗದ ಸದಸ್ಯರ ನಡುವೆ ಹುಟ್ಟುವ ಹಿತಾಸಕ್ತಿಯ ಘರ್ಷಣೆಗೆ ಮಾರ್ಗ ಸಂಘರ್ಷ ಎನ್ನುತ್ತಾರೆ. ಒಬ್ಬ ವಿತರಕನು ಇನ್ನೊಬ್ಬನ ಪ್ರದೇಶದಲ್ಲಿ ಮಾರಿದರೆ ಅದು ಸಮತಲ ಸಂಘರ್ಷ. ತಯಾರಕ ಮತ್ತು ವಿತರಕರ ನಡುವಿನದು ಲಂಬ ಸಂಘರ್ಷ. ಒಂದೇ ಸರಕು ಎರಡು ಮಾರ್ಗಗಳಲ್ಲಿ ಎರಡು ಬೆಲೆಗೆ ದೊರೆತಾಗ ಬಹುಮಾರ್ಗ ಸಂಘರ್ಷ ಉಂಟಾಗುತ್ತದೆ. ಆನ್‌ಲೈನ್ ಸಗಟು ಸಂಸ್ಥೆಗಳಿಗೆ ಕಂಪನಿಗಳು ಕಡಿಮೆ ಬೆಲೆಗೆ ಸರಕು ನೀಡುತ್ತಿವೆ ಎಂದು ಆಕ್ಷೇಪಿಸಿ, ದಿನಬಳಕೆ ವಸ್ತುಗಳ ವಿತರಕರ ಅಖಿಲ ಭಾರತ ಒಕ್ಕೂಟವು 2022ರ ಆರಂಭದಲ್ಲಿ ಮಹಾರಾಷ್ಟ್ರದಲ್ಲಿ ನಡೆಸಿದ ಅಸಹಕಾರ ಈ ಬಗೆಯದು.

## ಡಿಜಿಟಲ್ ಮಾರ್ಗಗಳು

ಕರ್ನಾಟಕದಲ್ಲಿ 2014ರಿಂದ ಏಕೀಕೃತ ಮಾರುಕಟ್ಟೆ ವೇದಿಕೆಯ ಮೂಲಕ ಕೃಷಿ ಮಾರುಕಟ್ಟೆಗಳಲ್ಲಿ ವಿದ್ಯುನ್ಮಾನ ಟೆಂಡರ್ ವಿಸ್ತರಿಸಿತು. ರಾಷ್ಟ್ರಮಟ್ಟದ ಇ-ನಾಮ್ ವೇದಿಕೆ 2016ರ ಏಪ್ರಿಲ್ 14ರಂದು ಆರಂಭವಾಯಿತು. ಇವು ಖರೀದಿದಾರರು ಪರಸ್ಪರರ ಬೆಲೆ ನೋಡದೆ ನಮೂದಿಸುವಂತೆ ಮಾಡಿ, ಒಳ ಒಪ್ಪಂದದ ಅವಕಾಶವನ್ನು ತಗ್ಗಿಸುವ ಉದ್ದೇಶ ಹೊಂದಿವೆ. ಆದರೆ ಮಾಲಿನ ತೇವಾಂಶ ಮತ್ತು ಗುಣಮಟ್ಟವನ್ನು ಸ್ಥಳದಲ್ಲೇ ಪರೀಕ್ಷಿಸುವ ವ್ಯವಸ್ಥೆ ಇಲ್ಲದಿದ್ದರೆ ದೂರದ ಖರೀದಿದಾರನು ಬೆಲೆ ಹೇಳಲು ಹಿಂಜರಿಯುತ್ತಾನೆ.

ಜಾಲತಾಣದ ಮಾರಾಟವೆಲ್ಲ ಪ್ರತ್ಯಕ್ಷ ಮಾರ್ಗ ಎಂಬ ಅಭಿಪ್ರಾಯ ಸರಿಯಲ್ಲ. ತಯಾರಕನು ತನ್ನದೇ ಜಾಲತಾಣದಲ್ಲಿ ಮಾರಿದರೆ ಅದು ಪ್ರತ್ಯಕ್ಷ. ಬೇರೆ ಸಂಸ್ಥೆಯ ಆನ್‌ಲೈನ್ ಮಾರುಕಟ್ಟೆಯಲ್ಲಿ ಕಮಿಷನ್ ಕೊಟ್ಟು ಮಾರಿದರೆ ಆ ಸಂಸ್ಥೆಯೇ ಮಧ್ಯವರ್ತಿ. ಅದು ಕಮಿಷನ್ ದರವನ್ನೂ, ಯಾವ ಸರಕು ಮೊದಲು ಕಾಣಬೇಕೆಂಬುದನ್ನೂ ನಿರ್ಧರಿಸಬಲ್ಲದು.

## ಮಾರ್ಗದ ಆಯ್ಕೆ

ಉತ್ಪಾದಕನು ಮಾರ್ಗವನ್ನು ಆರಿಸುವಾಗ ಪರಿಗಣಿಸುವ ಅಂಶಗಳು ಇವು:

* ಸರಕಿನ ಸ್ವರೂಪ: ಬೇಗ ಕೆಡುವ ಅಥವಾ ದುಬಾರಿ ಯಂತ್ರಗಳಂತಹ ಸರಕಿಗೆ ಚಿಕ್ಕ ಮಾರ್ಗ, ಅಗ್ಗದ, ನಿತ್ಯ ಬೇಕಾಗುವ ಸರಕಿಗೆ ದೀರ್ಘ ಮಾರ್ಗ ಸೂಕ್ತ.
* ಗ್ರಾಹಕರ ಹರವು: ಗ್ರಾಹಕರು ಚದುರಿದಷ್ಟೂ ಮಧ್ಯವರ್ತಿಯ ಅಗತ್ಯ ಹೆಚ್ಚು.
* ಬಂಡವಾಳ: ಸ್ವಂತ ಮಳಿಗೆ ಮತ್ತು ಉದ್ರಿಗೆ ಹಣವಿಲ್ಲದವನು ಪರೋಕ್ಷ ಮಾರ್ಗವನ್ನೇ ಅವಲಂಬಿಸಬೇಕಾಗುತ್ತದೆ.
* ನಿಯಂತ್ರಣ: ಬೆಲೆ ಮತ್ತು ಗುಣಮಟ್ಟದ ಮೇಲೆ ಹಿಡಿತ ಬೇಕಿದ್ದರೆ ಮಧ್ಯವರ್ತಿಗಳ ಸಂಖ್ಯೆ ಕಡಿಮೆ ಇರಬೇಕು.
* ಪರ್ಯಾಯ: ಒಂದು ಮಾರ್ಗ ಮುಚ್ಚಿದರೆ ಇನ್ನೊಂದು ಲಭ್ಯವಿದೆಯೇ ಎಂಬುದು.

ರೈತ ಉತ್ಪಾದಕ ಸಂಸ್ಥೆಗಳನ್ನು ಬೆಳೆಸುವ ಪ್ರಯತ್ನಗಳು ಕೊನೆಯ ಅಂಶಕ್ಕೆ ನೇರವಾಗಿ ಸಂಬಂಧಿಸಿವೆ. ಇಂತಹ ಸಂಸ್ಥೆಯು ಮಾಲನ್ನು ಒಟ್ಟುಗೂಡಿಸಿ ದೊಡ್ಡ ಖರೀದಿದಾರನಿಗೆ ಮಾರಿದಾಗ ದಲಾಲನ ಅಗತ್ಯ ತಗ್ಗಬಹುದು. ಆದರೆ ಗೋದಾಮು, ವರ್ಗೀಕರಣ, ಸದಸ್ಯರಿಗೆ ಕೂಡಲೇ ಹಣ ನೀಡುವ ದುಡಿಯುವ ಬಂಡವಾಳ ಮತ್ತು ಬೆಲೆ ಇಳಿಕೆಯ ನಷ್ಟ ಇವೆಲ್ಲ ಸಂಸ್ಥೆಯ ಹೆಗಲಿಗೆ ಬರುತ್ತವೆ. ಅವುಗಳನ್ನು ಹೊರುವ ಸಾಮರ್ಥ್ಯ ಇದ್ದಾಗ ಮಾತ್ರ ಮಧ್ಯವರ್ತಿಗೆ ಹೋಗುತ್ತಿದ್ದ ಪಾಲು ಸದಸ್ಯರಿಗೆ ಉಳಿಯುತ್ತದೆ.